ಡಬ್ಬಿಯ ಮೇಲೆ ‘ಸಿಂಟರ್ಡ್’ ಎಂದಿದೆ. ಒಳಗಿರುವ ಬ್ರೇಕ್ ಪ್ಯಾಡ್ ನಿಜಕ್ಕೂ ಅದೇನಾ?

ಪ್ರಶ್ನೆ: ಮಡಿಕೇರಿಯಿಂದ ಸುಳ್ಯಕ್ಕೆ ವಾರಕ್ಕೆ ಮೂರು ಸಲ ಬೈಕಿನಲ್ಲಿ ಹೋಗಿಬರುತ್ತೇನೆ. ಮುಂದಿನ ಡಿಸ್ಕಿಗೆ ಹೊಸ ಪ್ಯಾಡ್ ತಂದಿದ್ದೇನೆ. ಅಂಗಡಿಯಲ್ಲಿ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ್ದು) ಅಂದರು, ನೋಡಿದರೆ ಹಳೆಯದರ ಹಾಗೇ ಕಪ್ಪಗಿದೆ. ಯಾವ ಬಗೆಯದು ಎಂದು ಮನೆಯಲ್ಲೇ ಗುರುತಿಸುವುದು ಹೇಗೆ?

ಉತ್ತರ: ಮೇಲಿನ ಬಣ್ಣವನ್ನು ನಂಬಬೇಡಿ. ಹಿಂಬದಿಯ ಪ್ಲೇಟಿಗೆ ಕೆಂಪು, ಚಿನ್ನದ ಬಣ್ಣ, ಕಪ್ಪು ಏನನ್ನಾದರೂ ಬಳಿಯಬಹುದು. ಗುಟ್ಟು ಇರುವುದು ಅಂಚಿನಲ್ಲಿ, ಉಕ್ಕಿನ ಪ್ಲೇಟಿಗೆ ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಕೂಡಿಕೊಂಡಿರುವ ಜಾಗದಲ್ಲಿ.

120 ನಂಬರಿನ ಎಮರಿ ಪೇಪರ್ ತೆಗೆದುಕೊಂಡು ಲೈನಿಂಗಿನ ಒಂದು ಮೂಲೆಯನ್ನು ನಾಲ್ಕೈದು ಸಲ ತಿಕ್ಕಿ, ಬಿಸಿಲಿಗೆ ಹಿಡಿಯಿರಿ. ಮಾಸ್ಕ್ ಇರಲಿ, ಪುಡಿಯನ್ನು ಬಾಯಿಂದ ಊದಬೇಡಿ. ಸಿಂಟರ್ಡ್ ಆಗಿದ್ದರೆ ತಿಕ್ಕಿದ ಜಾಗವೆಲ್ಲ ಒಂದೇ ಸಮನೆ ಹೊಳೆಯುತ್ತದೆ, ಹಳೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದಾಗ ಬರುವ ಕಂದುಗೆಂಪು ಹೊಳಪು. ಅದು ತಾಮ್ರವೇ ಹೆಚ್ಚಿರುವ ಲೋಹದ ಪುಡಿಯನ್ನು ಶಾಖ, ಒತ್ತಡ ಕೊಟ್ಟು ಗಟ್ಟಿ ಮಾಡಿದ್ದು. ಅಂಟಿನಿಂದ ಕೂಡಿಸಿದ್ದಲ್ಲವಾದ್ದರಿಂದ ಪ್ಲೇಟಿಗೂ ಸಾಮಾನ್ಯವಾಗಿ ತಾಮ್ರದ ಲೇಪ ಕೊಟ್ಟಿರುತ್ತಾರೆ. ಬಣ್ಣ ಕೆರೆದರೆ ಕೂಡಿನಲ್ಲಿ ತೆಳು ತಾಮ್ರದ ಗೆರೆ ಕಾಣಿಸುತ್ತದೆ.

ಆರ್ಗ್ಯಾನಿಕ್ ಪ್ಯಾಡನ್ನು, ಅಂದರೆ ನಾರು, ಪುಡಿಗಳನ್ನು ರಾಳದಿಂದ ಕೂಡಿಸಿ ಮಾಡಿದ್ದನ್ನು, ಎಷ್ಟು ತಿಕ್ಕಿದರೂ ಮಂಕು. ಕಪ್ಪು, ಬೂದು, ಕೆಲವು ಕಂದು. ಪುಡಿ ಹಗುರ, ಬೆರಳಿಗೆ ಇದ್ದಿಲ ಪುಡಿಯಂತೆ ನುಣ್ಣಗೆ ಅಂಟುತ್ತದೆ. ಒಮ್ಮೊಮ್ಮೆ ಹಳದಿ ನಾರಿನ ಎಳೆ ಎದ್ದು ಕಾಣುತ್ತದೆ, ಅದು ಅರಾಮಿಡ್ ಎಂಬ ಗಟ್ಟಿ ಕೃತಕ ನಾರು. ಇವೆರಡರ ನಡುವೆ ಸೆಮಿ ಮೆಟಾಲಿಕ್: ಕಪ್ಪು ಮೈಯಲ್ಲಿ ಅಲ್ಲೊಂದು ಇಲ್ಲೊಂದು ಮಿಣುಕುವ ಲೋಹದ ಚೂರು. ಮಿಣುಕು ಕಂಡ ಮಾತ್ರಕ್ಕೆ ಸಿಂಟರ್ಡ್ ಎಂದು ಹೇಳಿ ಮಾರುವುದು ಈ ಬಗೆಯನ್ನೇ. ‘ಸೆರಾಮಿಕ್’ ಎಂದು ಬರೆದಿರುವುದನ್ನು ಆರ್ಗ್ಯಾನಿಕ್‌ನಿಂದ ಬರಿಗಣ್ಣಲ್ಲಿ ಬೇರ್ಪಡಿಸಲು ಆಗುವುದಿಲ್ಲ.

ಅನುಮಾನ ಉಳಿದರೆ ಮಲ್ಟಿಮೀಟರ್ ಇದೆ. ತಿಕ್ಕಿ ಶುಚಿಯಾದ ಲೈನಿಂಗಿನ ಮೇಲೆ ಎರಡೂ ಕಡ್ಡಿಗಳನ್ನು ಒಂದು ಸೆಂ.ಮೀ. ಅಂತರದಲ್ಲಿ ಒತ್ತಿ, ಮೀಟರನ್ನು ಕಂಟಿನ್ಯೂಟಿಗೆ (ಕರೆಂಟ್ ಹರಿದರೆ ಬೀಪ್ ಎನ್ನುವ ಸೆಟ್ಟಿಂಗ್) ಇಡಿ. ಕಡ್ಡಿ ಪ್ಲೇಟಿಗೆ ತಾಗಬಾರದು. ಎಲ್ಲಿ ಇಟ್ಟರೂ ಬೀಪ್ ಬಂದು ಓಮ್ ಸೊನ್ನೆಯ ಹತ್ತಿರ ನಿಂತರೆ ಅದು ಸಿಂಟರ್ಡ್. ಆರ್ಗ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಸದ್ದೇ ಇರದು. ಗ್ರಾಫೈಟ್ ಬೆರೆತಿದ್ದರೆ ದೊಡ್ಡ ಅಂಕಿ ತೋರಿಸಬಹುದು. ಸೆಮಿ ಮೆಟಾಲಿಕ್‌ನಲ್ಲಿ ಕಡ್ಡಿ ಸರಿಸಿದಂತೆಲ್ಲ ಅಂಕಿ ಕುಣಿಯುತ್ತದೆ. ಹಲವರು ಅಯಸ್ಕಾಂತ ಹಿಡಿದು ನೋಡುತ್ತಾರೆ. ಅದು ಹಿಂದಿರುವ ಉಕ್ಕಿಗೆ ಎಳೆಯುತ್ತದೆ, ಲೈನಿಂಗಿನ ಬಗ್ಗೆ ಏನೂ ಹೇಳುವುದಿಲ್ಲ.

ಪ್ಲೇಟಿನ ಮೇಲೆ ಜಿಎಫ್, ಜಿಜಿ, ಎಚ್‌ಎಚ್ ಎಂದು ಎರಡು ಅಕ್ಷರ ಒತ್ತಿರುತ್ತಾರೆ. ಇದನ್ನು ತಪ್ಪಾಗಿ ಓದುವವರೇ ಹೆಚ್ಚು. ಮೊದಲ ಅಕ್ಷರ ಸಾಧಾರಣ ಶಾಖದಲ್ಲಿ, ಎರಡನೆಯದು ಕಾದಾಗ ಇರುವ ಘರ್ಷಣೆಯ ಅಳತೆ: ಎಫ್ ಎಂದರೆ 0.35ರಿಂದ 0.45, ಜಿ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಜಿಎಫ್ ಎಂದಿದ್ದರೆ ಕಾದಾಗ ಹಿಡಿತ ಒಂದು ಮೆಟ್ಟಿಲು ಇಳಿಯುತ್ತದೆ ಎಂದರ್ಥ. ಎಚ್‌ಎಚ್ ಪ್ಯಾಡುಗಳು ಹೆಚ್ಚಾಗಿ ಸಿಂಟರ್ಡ್ ಆಗಿರುತ್ತವೆ ನಿಜ, ಆದರೆ ಆ ಅಕ್ಷರ ಹೇಳುವುದು ಹಿಡಿತವನ್ನು; ಪ್ಯಾಡನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನಲ್ಲ.

ನಿಮ್ಮ ದಾರಿಗೆ ಈ ವ್ಯತ್ಯಾಸ ಏಕೆ ಮುಖ್ಯ ಎಂದರೆ, ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಮದೆನಾಡು, ಜೋಡುಪಾಲ ದಾಟಿ ಸಂಪಾಜೆ ಮುಟ್ಟುವವರೆಗೆ ಇಳಿಜಾರೇ ಇಳಿಜಾರು. ಬ್ರೇಕ್ ಹಿಡಿದೇ ಇಳಿದರೆ ಆರ್ಗ್ಯಾನಿಕ್ ಪ್ಯಾಡಿನೊಳಗಿನ ರಾಳ ಕಾದು ಅನಿಲ ಬಿಡುತ್ತದೆ, ಲೈನಿಂಗಿಗೂ ಡಿಸ್ಕಿಗೂ ನಡುವೆ ಅದು ಸೇರಿಕೊಂಡು ಹಿಡಿತ ಜಾರುತ್ತದೆ. ಲಿವರ್ ಗಟ್ಟಿಯಾಗೇ ಇರುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. ಲಿವರ್ ಮೆತ್ತಗಾಗಿ ಹ್ಯಾಂಡಲ್ ಮುಟ್ಟಿದರೆ ಅದು ಬೇರೆಯೇ ಕಾಯಿಲೆ: ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಕುದಿಬಿಂದು ಇರಬೇಕು. ನೀರು ಹೀರಿಕೊಂಡ ಮೇಲಿನ ಕನಿಷ್ಠ ಮಟ್ಟ 155. ನಮ್ಮ ಮಳೆಗಾಲದ ಗಾಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದೆ ಬಿಡಬೇಡಿ. ಪ್ಯಾಡ್ ಯಾವುದೇ ಇರಲಿ, ಘಾಟಿಯನ್ನು ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ.

ಸಿಂಟರ್ಡ್ ಪ್ಯಾಡ್ ಶಾಖ ತಾಳಿಕೊಳ್ಳುತ್ತದೆ, ಡಿಸ್ಕ್ ಒದ್ದೆಯಿದ್ದಾಗಲೂ ಬೇಗ ಹಿಡಿಯುತ್ತದೆ, ತೋಟದ ರಸ್ತೆಯ ಕೆಸರು ಮರಳಿಗೆ ಬೇಗ ಸವೆಯುವುದಿಲ್ಲ. ಆದರೂ ಎಲ್ಲ ಬೈಕಿಗೂ ಅದೇ ಹಾಕಿ ಎನ್ನುವುದು ಸರಿಯಲ್ಲ. ಹಳೆಯ ಬೈಕಿನ ಎರಕದ ಕಬ್ಬಿಣದ ಡಿಸ್ಕನ್ನು ಅದು ಕೊರೆದುಹಾಕುತ್ತದೆ. ಕಂಪನಿ ಆರ್ಗ್ಯಾನಿಕ್ ಕೊಟ್ಟಿರುವ ಸಣ್ಣ ಬೈಕಾದರೆ ಕಂಪನಿಯದೇ ಒಳ್ಳೆಯದು. ಹಿಂದಿನ ಚಕ್ರಕ್ಕಂತೂ ಆರ್ಗ್ಯಾನಿಕ್ಕೇ ವಾಸಿ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಅದು ಚಕ್ರವನ್ನು ಥಟ್ಟನೆ ಲಾಕ್ ಮಾಡುವುದಿಲ್ಲ.

ಬಿಚ್ಚುವಾಗ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಭಾಗ) ಇನ್ನೂ ಫೋರ್ಕಿನಲ್ಲಿ ಬಿಗಿಯಾಗಿರುವಾಗಲೇ ಪ್ಯಾಡ್ ಪಿನ್ನನ್ನು ಅರ್ಧ ಸುತ್ತು ಸಡಿಲಿಸಿ. ಕೈಗೆ ಬಂದಮೇಲೆ ತುಕ್ಕು ಹಿಡಿದ ಪಿನ್ ಜಗ್ಗುವುದಿಲ್ಲ, ಅಲೆನ್ ಕೀ ತಲೆ ಸವೆದುಹೋಗುತ್ತದೆ. ಪ್ಯಾಡ್ ಹೊರಗಿರುವಾಗ ಯಾರೂ ಲಿವರ್ ಒತ್ತಬಾರದು, ಪಿಸ್ಟನ್ ಹೊರಬರುತ್ತದೆ. ಬಗೆ ಬದಲಾಗುತ್ತಿದ್ದರೆ ಡಿಸ್ಕಿನ ಮೇಲಿನ ಹಳೆಯ ಪದರವನ್ನು ಎಮರಿಯಿಂದ ತೆಗೆದು ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಒಂದೇ ಕ್ಯಾಲಿಪರಿನಲ್ಲಿ ಎರಡು ಬಗೆ ಬೆರೆಸಬೇಡಿ.

ಜೋಡಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡದೆ ಗಾಡಿ ಕದಲಿಸಬೇಡಿ. ಹೊಸ ಪ್ಯಾಡ್ ಮೊದಲು ಡಿಸ್ಕಿಗೆ ಹೊಂದಿಕೊಳ್ಳಬೇಕು, ಆದ್ದರಿಂದ ಮೊದಲ ಓಟ ಸಂಪಾಜೆ ಕಡೆ ಬೇಡ. ಕುಶಾಲನಗರದಿಂದ ಬೈಲುಕುಪ್ಪೆ ಕಡೆಯ ಸಮತಟ್ಟು ರಸ್ತೆಯಲ್ಲಿ, ಹಿಂದೆ ವಾಹನ ಇಲ್ಲದಾಗ, 50ರಿಂದ 10 ಕಿ.ಮೀ. ವೇಗಕ್ಕೆ ಹದವಾಗಿ ಹತ್ತು ಹದಿನೈದು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಡುವೆ ಸ್ವಲ್ಪ ಓಡಿಸಿ ಡಿಸ್ಕ್ ಆರಲು ಬಿಡಿ.