ಗಾಳಿಯ ಬಲದ ಮೇಲೆ ಒಂಟಿಕಾಲಿನ ನೆಗೆತ

ಪೋಗೊ ಸ್ಟಿಕ್ ಎಂದರೆ ಪಾದವಿಟ್ಟು ನಿಂತು ಕುಪ್ಪಳಿಸುವ ಕೋಲು; ಅದನ್ನು ಪುಟಿಸುವುದು ಒಳಗಿನ ಉಕ್ಕಿನ ಸುರುಳಿ ಅಥವಾ ಒತ್ತಿದ ಗಾಳಿ. ಅದರ ಮೇಲೆ ನೆಗೆಯುವುದಕ್ಕಿಂತ ಅಲುಗಾಡದೆ ನಿಲ್ಲುವುದೇ ಕಷ್ಟ. ಕೋಲಿನ ರಬ್ಬರ್ ತುದಿ ಅಂಗೈಗಿಂತ ಕಿರಿದು. ದೇಹದ ಗುರುತ್ವ ಕೇಂದ್ರ ಆ ಪುಟ್ಟ ಆಧಾರದಿಂದ ಕೊಂಚ ಆಚೆ ಸರಿದರೂ ಸವಾರ ವಾಲುತ್ತಾನೆ, ನೆಲಕ್ಕೆ ಊರಿದ ತುದಿಯನ್ನು ಕದಲಿಸಿ ಅದನ್ನು ಸರಿಪಡಿಸಿಕೊಳ್ಳುವ ದಾರಿ ಅವನಿಗಿರುವುದಿಲ್ಲ. ನೆಗೆದಾಗ ಆ ದಾರಿ ತೆರೆಯುತ್ತದೆ. ಕೋಲು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ತುದಿಯನ್ನು ಬೇಕಾದ ಕಡೆಗೆ ಒಯ್ದು ಊರಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ರೈಬರ್ಟ್ ರೂಪಿಸಿದ ಒಂಟಿಕಾಲಿನ ರೋಬಾಟ್ ಬೀಳದೆ ಕುಪ್ಪಳಿಸಿದ್ದು ಇದೇ ಉಪಾಯದಿಂದ: ವೇಗ ಹೆಚ್ಚಾಯಿತೆಂದರೆ ಅದು ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿ ಊರುತ್ತಿತ್ತು, ಕಡಿಮೆಯಾದರೆ ಹಿಂದಕ್ಕೆ. ಅದರ ಕಾಲಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದುದೂ ಒತ್ತಿದ ಗಾಳಿಯೇ.

ಮಕ್ಕಳ ಪೋಗೊ ಸ್ಟಿಕ್ಕಿನಲ್ಲಿ ಇರುವುದು ಉಕ್ಕಿನ ಸುರುಳಿ. ಉಕ್ಕು ತನ್ನ ತೂಕಕ್ಕೆ ತಕ್ಕಷ್ಟು ಶಕ್ತಿಯನ್ನು ಮಾತ್ರ ಹಿಡಿದಿಡಬಲ್ಲದು; ಎತ್ತರ ಹೆಚ್ಚಬೇಕೆಂದರೆ ಸುರುಳಿ ದಪ್ಪವಾಗಬೇಕು, ಆಗ ಆ ಭಾರವನ್ನೂ ಪ್ರತಿ ನೆಗೆತದಲ್ಲಿ ಹೊತ್ತೊಯ್ಯಬೇಕು. ಕೊಳವೆಯಲ್ಲಿ ತುಂಬಿದ ಗಾಳಿಗೆ ಈ ತೊಡಕಿಲ್ಲ, ಅದರ ತೂಕ ಲೆಕ್ಕಕ್ಕೇ ಬಾರದಷ್ಟು. ಇಂಥ ಕೋಲುಗಳ ಮೇಲೆ ನುರಿತವರು 3 ಮೀಟರಿಗೂ ಎತ್ತರದ ಅಡ್ಡಪಟ್ಟಿಯನ್ನು ದಾಟಿದ್ದಾರೆ.

ಒಂದು ಸಾಧಾರಣ ನೆಗೆತವನ್ನೇ ಲೆಕ್ಕ ಹಾಕಿ ನೋಡೋಣ. 60 ಕಿಲೋಗ್ರಾಂ ತೂಕದವರು 1 ಮೀಟರ್ ಎತ್ತರದಿಂದ ಇಳಿದು, ಕೋಲು 40 ಸೆಂಟಿಮೀಟರ್ ಒಳಕ್ಕೆ ಕುಸಿಯಿತು ಎಂದುಕೊಂಡರೆ, ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಗಾಳಿ ನುಂಗಿಕೊಳ್ಳಬೇಕಾದ ಶಕ್ತಿ 820 ಜೂಲ್‌ಗಳಷ್ಟು. ಪಾದಗಳ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ ಮೂರೂವರೆ ಪಟ್ಟು. ಕೋಲು ಕುಸಿದು ಮತ್ತೆ ಪೂರ್ತಿ ಚಾಚಿಕೊಳ್ಳುವುದು ಸೆಕೆಂಡಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ. ಗಾಳಿ ಒತ್ತಿದಷ್ಟೂ ಬಿರುಸಾಗುವುದರಿಂದ ತಳದಲ್ಲಿ ಲೋಹಕ್ಕೆ ಲೋಹ ಬಡಿಯುವುದು ತಪ್ಪುತ್ತದೆ, ಆದರೆ ಸವಾರನ ತೂಕಕ್ಕೆ ಸರಿಯಾದ ಒತ್ತಡ ತುಂಬಿದ್ದರೆ ಮಾತ್ರ.

ಕಲಿಯುವವರು ಮೊದಲು ಒತ್ತಡವನ್ನು ಕಡಿಮೆ ಇಟ್ಟುಕೊಂಡು, ಹೆಲ್ಮೆಟ್ ಮತ್ತು ಮೊಣಕಾಲಿನ ಕವಚ ತೊಟ್ಟು, ಸಮತಟ್ಟಾದ ಒಣ ನೆಲದಲ್ಲಿ ಗೇಣೆತ್ತರದ ನೆಗೆತಗಳನ್ನೇ ಸಾಕಷ್ಟು ದಿನ ಮಾಡುವುದು ಒಳ್ಳೆಯದು. ಕೋಲು ಎದೆಗೆ ಹತ್ತಿರವಿರಬೇಕು, ಮೊಣಕಾಲುಗಳು ಅದನ್ನು ಇಕ್ಕುಳದಂತೆ ಹಿಡಿದಿರಬೇಕು, ದೃಷ್ಟಿ ಪಾದದ ಕಡೆಗಲ್ಲ, ಎದುರಿಗಿರಬೇಕು. ಎತ್ತರ ಬರುವುದು ತೋಳ್ಬಲದಿಂದಲ್ಲ. ಉಯ್ಯಾಲೆ ಜೀಕಿದವರಿಗೆ ಗೊತ್ತಿರುವ ಸಂಗತಿ ಇದು: ಹೊತ್ತು ನೋಡಿ ಕೊಟ್ಟ ಸಣ್ಣ ಒತ್ತು ಕೂಡುತ್ತಾ ಹೋಗುತ್ತದೆ. ಕೋಲು ಪೂರ್ತಿ ಕುಸಿಯುವ ಹೊತ್ತಿಗೆ ಮಡಿಸಿದ ಮೊಣಕಾಲನ್ನು ನೇರ ಮಾಡಿದರೆ ಆ ಶ್ರಮ ಗಾಳಿಯಲ್ಲಿ ಸೇರಿಕೊಳ್ಳುತ್ತದೆ. ತುಸು ಮುಂಚೆ ಅಥವಾ ತಡವಾಗಿ ಮಾಡಿದರೆ ಬಹುಪಾಲು ವ್ಯರ್ಥ. ಈ ಹೊತ್ತನ್ನು ಅಂಗಾಲು ಕಲಿಯುತ್ತದೆಯೇ ಹೊರತು ತಲೆಯಲ್ಲ ಎನ್ನುವುದು ನನ್ನ ನಂಬಿಕೆ.

ನಿರ್ವಹಣೆಯೂ ಇದೇ ಲೆಕ್ಕದ ಮುಂದುವರಿಕೆ, ಏಕೆಂದರೆ ಘರ್ಷಣೆಯಲ್ಲಿ ಕಳೆದುಹೋದ ಶಕ್ತಿಯನ್ನು ಮೊಣಕಾಲೇ ತುಂಬಿಕೊಡಬೇಕು. ಕೊಳವೆಯೊಳಗೆ ಜಾರುವ ಒಳದಂಡದ ಮೇಲೆ ಬೆರಳಾಡಿಸಿದಾಗ ಉಗುರಿಗೆ ತಗಲುವ ಒಂದು ಗೀರು ಸಾಕು, ಪ್ರತಿ ನೆಗೆತದಲ್ಲೂ ಅದು ಗಾಳಿ ಸೋರದಂತೆ ತಡೆಯುವ ರಬ್ಬರ್ ಸೀಲನ್ನು ಕೆರೆಯುತ್ತದೆ. ಆ ಗೀರು ಹುಟ್ಟುವುದು ಒರೆಸದೆ ಬಿಟ್ಟ ಮರಳಿನ ಕಣದಿಂದ. ಆದ್ದರಿಂದ ಸವಾರಿ ಮುಗಿದ ಕೂಡಲೇ ದಂಡವನ್ನು ಬಟ್ಟೆಯಿಂದ ಒರೆಸಿ, ತಯಾರಕರು ಸೂಚಿಸಿದ ಗ್ರೀಸನ್ನು ತೆಳುವಾಗಿ ಸವರಬೇಕು. ಕೈಗೆ ಸಿಕ್ಕ ಎಣ್ಣೆ ಹಾಕಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗಾಳಿ ಸೋರುತ್ತಿದೆಯೆಂಬ ಅನುಮಾನ ಬಂದರೆ ಸೋಪಿನ ನೀರು ಹಚ್ಚಿದಾಗ ಗುಳ್ಳೆಗಳು ಜಾಗವನ್ನು ತೋರಿಸಿಕೊಡುತ್ತವೆ. ಹಾಗೆಂದು ಒತ್ತಡ ಇಳಿದಾಗಲೆಲ್ಲ ಸೋರಿಕೆಯೇ ಇರಬೇಕಿಲ್ಲ: 40 ಡಿಗ್ರಿ ಬಿಸಿಲಿನಲ್ಲಿ ತುಂಬಿದ ಕೋಲು 10 ಡಿಗ್ರಿಯ ಮುಂಜಾವಿನಲ್ಲಿ ಸುಮಾರು ಶೇಕಡಾ 10ರಷ್ಟು ಒತ್ತಡ ಕಳೆದುಕೊಂಡಿರುತ್ತದೆ. ಸವೆದ ರಬ್ಬರ್ ತುದಿಯನ್ನು ಒಳಗಿನ ಲೋಹ ಕಾಣುವ ಮೊದಲೇ ಬದಲಿಸಬೇಕು. ಸೀಲು ಬದಲಿಸಲು ಕೋಲನ್ನು ಬಿಚ್ಚುವುದಾದರೆ ಮೊದಲು ವಾಲ್ವ್ ಒತ್ತಿ ಗಾಳಿಯನ್ನೆಲ್ಲ ಹೊರಬಿಟ್ಟು, ಮಾಪಕದ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿಕೊಂಡ ಮೇಲಷ್ಟೇ ಮೊದಲ ತಿರುಪಿಗೆ ಕೈ ಹಾಕಬೇಕು.