ಈಸ್ಟರ್ ಹುಣ್ಣಿಮೆ ಇರುವುದು ಕೋಷ್ಟಕದಲ್ಲಿ

2019ರ ಮಾರ್ಚ್ 21ರಂದು, ನಮ್ಮ ಗಡಿಯಾರದ ಪ್ರಕಾರ, ಬೆಳಗಿನ ಜಾವ ವಸಂತ ವಿಷುವ (ಹಗಲು ರಾತ್ರಿ ಸಮವಾಗುವ ಹೊತ್ತು) ಆಯಿತು. ನಾಲ್ಕು ಗಂಟೆ ಕಳೆಯುವುದರೊಳಗೆ ಹುಣ್ಣಿಮೆಯೂ ಆಯಿತು. ನಮ್ಮಲ್ಲಿ ಅದು ಹೋಳಿ ಹುಣ್ಣಿಮೆ. 'ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರವೇ ಈಸ್ಟರ್' ಎಂದು ಬಾಯಿಪಾಠ ಮಾಡಿಕೊಂಡವರ ಲೆಕ್ಕಕ್ಕೆ ಹಬ್ಬ ಮಾರ್ಚ್ 24ಕ್ಕೆ ಬರಬೇಕಿತ್ತು. ಬಂದದ್ದು ಏಪ್ರಿಲ್ 21ಕ್ಕೆ. ತಪ್ಪು ಕ್ಯಾಲೆಂಡರಿನದಲ್ಲ, ಆ ಬಾಯಿಪಾಠದ್ದು. ಅದರಲ್ಲಿ ಹೇಳುವ ವಿಷುವವಾಗಲಿ ಹುಣ್ಣಿಮೆಯಾಗಲಿ ಆಕಾಶದ್ದಲ್ಲ. ವಿಷುವ ಎಂದರೆ ಮಾರ್ಚ್ 21 ಎಂದು ಗೊತ್ತುಮಾಡಿಟ್ಟ ದಿನ, ಹುಣ್ಣಿಮೆ ಎಂದರೆ ಕೋಷ್ಟಕದಲ್ಲಿ ಬರೆದಿಟ್ಟ ದಿನ.

ಹೀಗೇಕೆ ಆಯಿತೆಂದು ತಿಳಿಯಲು ಎರಡನೆಯ ಶತಮಾನಕ್ಕೆ ಹೋಗಬೇಕು. ಯೇಸು ಶಿಲುಬೆಗೇರಿದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿನಲ್ಲಿ. ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಕ್ರೈಸ್ತ ಸಭೆಗಳು ಪಸ್ಕದ ದಿನವನ್ನೇ, ಅಂದರೆ ಹುಣ್ಣಿಮೆಯ ಹೊತ್ತಿಗೆ ಬೀಳುವ ಯೆಹೂದ್ಯರ ನಿಸಾನ್ ತಿಂಗಳ 14ನೆಯ ದಿನವನ್ನೇ ಹಿಡಿದವು, ಅದು ಯಾವ ವಾರವಾದರೂ ಸರಿ. ರೋಮಿನವರು ಪುನರುತ್ಥಾನದ ವಾರವಾದ ಭಾನುವಾರವನ್ನು ಬಿಡಲಿಲ್ಲ. ಸುಮಾರು 190ರಲ್ಲಿ ರೋಮಿನ ಬಿಷಪ್ ವಿಕ್ಟರ್ ಏಷ್ಯಾದ ಸಭೆಗಳೊಡನೆ ಸಂಬಂಧ ಕಡಿದುಕೊಳ್ಳಲು ಹೊರಟಾಗ, ಲಿಯೋನಿನ ಬಿಷಪ್ ಇರೆನಿಯಸ್ ಇಷ್ಟಕ್ಕೆ ಒಡೆಯಬೇಡಿ ಎಂದು ಬುದ್ಧಿ ಹೇಳಬೇಕಾಯಿತು.

ಬಿಷಪರೆಲ್ಲ ಸೇರಿದ 325ರ ನೈಸಿಯಾ ಮಹಾಸಭೆಯೇ ಈಸ್ಟರ್ ಸೂತ್ರವನ್ನು ಬರೆದುಕೊಟ್ಟಿತು ಎಂಬ ಮಾತು ಎಲ್ಲೆಲ್ಲೂ ಇದೆ. ಆ ಸಭೆಯ 20 ನಿಯಮಗಳಲ್ಲಿ ಅಂಥದ್ದೊಂದೂ ಇಲ್ಲ. ಅಲ್ಲಿ ತೀರ್ಮಾನವಾದದ್ದು ಇಷ್ಟೇ: ಎಲ್ಲರೂ ಒಂದೇ ದಿನ ಆಚರಿಸಬೇಕು, ಯೆಹೂದ್ಯರ ತಿಥಿಯನ್ನು ಕಾಯುತ್ತ ಕೂರಬಾರದು. ದಿನ ಹುಡುಕುವ ಕೆಲಸ ನಡೆದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಅಲ್ಲಿನ ಬಿಷಪರು ವರ್ಷ ವರ್ಷವೂ ಹಬ್ಬದ ಪತ್ರ ಬರೆದು ತಾರೀಖು ತಿಳಿಸುತ್ತಿದ್ದರು. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ನಮಗೆ ಸಿಗುವುದು ಅಥನೇಸಿಯಸ್ 367ರಲ್ಲಿ ಬರೆದ ಅಂಥದ್ದೊಂದು ಪತ್ರದಲ್ಲಿ.

ಅವರು ನೆಚ್ಚಿಕೊಂಡದ್ದು 19 ವರ್ಷದ ಚಕ್ರವನ್ನು. 19 ಸೌರ ವರ್ಷಗಳೂ 235 ಚಾಂದ್ರ ಮಾಸಗಳೂ ಹೆಚ್ಚುಕಡಿಮೆ ಒಂದೇ ಉದ್ದ. ನಮ್ಮ ಪಂಚಾಂಗದಲ್ಲಿ 19 ವರ್ಷಕ್ಕೆ 7 ಅಧಿಕ ಮಾಸ ಬೀಳುವುದೂ ಇದೇ ಕಾರಣಕ್ಕೆ. ರೋಮಿನವರು ಬಹುಕಾಲ 84 ವರ್ಷದ ಬೇರೆ ಚಕ್ರವನ್ನು ಹಿಡಿದಿದ್ದರು, ಹಾಗಾಗಿ ಎರಡೂ ಕಡೆಯ ಹಬ್ಬ ಆಗಾಗ ಬೇರೆ ಬೇರೆ ದಿನ ಬರುತ್ತಿತ್ತು. 525ರಲ್ಲಿ ಡಯೋನಿಸಿಯಸ್ ಎಕ್ಸಿಗಸ್ ಎಂಬ ಸನ್ಯಾಸಿ ಅಲೆಕ್ಸಾಂಡ್ರಿಯದ ಲೆಕ್ಕವನ್ನು ಲ್ಯಾಟಿನಿಗೆ ತಂದು 532ರಿಂದ 95 ವರ್ಷಗಳ ಕೋಷ್ಟಕ ಮಾಡಿದ. ಕ್ರೈಸ್ತರನ್ನು ಹಿಂಸಿಸಿದ ಡಯೋಕ್ಲೀಷಿಯನ್ ಚಕ್ರವರ್ತಿಯ ಹೆಸರಿನ ಶಕೆಯನ್ನು ತೆಗೆದು, ಕ್ರಿಸ್ತನ ಅವತಾರದಿಂದ ವರ್ಷ ಎಣಿಸಿದ. ಇಂದು ಬ್ಯಾಂಕಿನ ಚೆಕ್ಕಿನ ಮೇಲೆ ನಾವು ಬರೆಯುವ ಇಸವಿ ಹುಟ್ಟಿದ್ದು ಈಸ್ಟರ್ ಕೋಷ್ಟಕದ ಒಂದು ಕಾಲಮ್ಮಿನಲ್ಲಿ!

ಇಂಗ್ಲೆಂಡಿನ ನಾರ್ಥಂಬ್ರಿಯದಲ್ಲಿ ಈ ಜಗಳ ಅರಮನೆಯ ಒಳಗೇ ಬಂತು. ದೊರೆ ಓಸ್ವಿಯು ಉಪವಾಸ ಮುಗಿಸಿ ಹಬ್ಬದೂಟಕ್ಕೆ ಕುಳಿತರೆ, ಕೆಂಟ್‌ನ, ಅಂದರೆ ರೋಮಿನ, ಪದ್ಧತಿ ಹಿಡಿದಿದ್ದ ರಾಣಿ ಇನ್ನೂ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಲ್ಲೇ ಇರುತ್ತಿದ್ದಳು. 664ರ ವಿಟ್‌ಬಿ ಸಭೆ ರೋಮಿನ ಲೆಕ್ಕವನ್ನು ಒಪ್ಪಿತು; ಆ ಹೊತ್ತಿಗೆ ರೋಮೂ ಅಲೆಕ್ಸಾಂಡ್ರಿಯದ ಲೆಕ್ಕಕ್ಕೆ ಬಂದಿತ್ತು.

ಈಗ ಲೆಕ್ಕಕ್ಕೆ ಬರೋಣ. ಇಸವಿಯನ್ನು 19ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿ. ಇದು ಸುವರ್ಣ ಸಂಖ್ಯೆ. 1900ರಿಂದ 2199ರವರೆಗೆ ಸಂಖ್ಯೆ 1 ಬಂದ ವರ್ಷದ ಹುಣ್ಣಿಮೆ ಏಪ್ರಿಲ್ 14. ಅಲ್ಲಿಂದ ಮುಂದಿನ ಒಂದೊಂದು ಸಂಖ್ಯೆಗೂ 11 ದಿನ ಹಿಂದೆ ಸರಿಯಿರಿ, ಏಕೆಂದರೆ ಹನ್ನೆರಡು ಚಾಂದ್ರ ಮಾಸ ಸೇರಿದರೆ 354 ದಿನವಷ್ಟೇ. ಮಾರ್ಚ್ 21ಕ್ಕಿಂತ ಹಿಂದೆ ಹೋದರೆ 30 ದಿನ ಕೂಡಿಸಿ. ಹೀಗೆ 2ಕ್ಕೆ ಏಪ್ರಿಲ್ 3, 3ಕ್ಕೆ ಮಾರ್ಚ್ 23, 4ಕ್ಕೆ ಏಪ್ರಿಲ್ 11. ಎಡವುವುದು ಎರಡು ಕಡೆ. 6ಕ್ಕೆ ಏಪ್ರಿಲ್ 19 ಬರುತ್ತದೆ, ಅದನ್ನು 18 ಮಾಡಬೇಕು. 17ಕ್ಕೆ ಏಪ್ರಿಲ್ 18 ಬರುತ್ತದೆ, ಅದನ್ನು 17 ಮಾಡಬೇಕು. ಮೊದಲನೆಯದನ್ನು ತಿದ್ದದಿದ್ದರೆ ಈಸ್ಟರ್ ಏಪ್ರಿಲ್ 25ರ ಗಡಿ ದಾಟಬಹುದು, ಅದನ್ನಷ್ಟೇ ತಿದ್ದಿ ಎರಡನೆಯದನ್ನು ಬಿಟ್ಟರೆ ಒಂದೇ ಚಕ್ರದ ಎರಡು ವರ್ಷಕ್ಕೆ ಒಂದೇ ಹುಣ್ಣಿಮೆ ಬೀಳುತ್ತದೆ. ಮುಂದಿನ ಸಂಖ್ಯೆಗೆ ಹೋಗುವಾಗ ಮಾತ್ರ ತಿದ್ದುವ ಮೊದಲಿನ ತಾರೀಖಿನಿಂದಲೇ 11 ಕಳೆಯಬೇಕು.

2019ರ ಸುವರ್ಣ ಸಂಖ್ಯೆ 6. ಕೋಷ್ಟಕದ ಮಾರ್ಚ್ ಹುಣ್ಣಿಮೆ 20ಕ್ಕೇ ಮುಗಿದಿತ್ತು, ಮಾರ್ಚ್ 21ರ ಗೆರೆಗೆ ಒಂದು ದಿನ ಮೊದಲೇ. ಅದಕ್ಕೇ ಏಪ್ರಿಲ್ 18ರ ಗುರುವಾರದವರೆಗೆ ಕಾಯಬೇಕಾಯಿತು.

2026ಕ್ಕೆ ಶೇಷ 12, ಸುವರ್ಣ ಸಂಖ್ಯೆ 13, ಹುಣ್ಣಿಮೆ ಏಪ್ರಿಲ್ 2, ಗುರುವಾರ. ಈಸ್ಟರ್ ಏಪ್ರಿಲ್ 5. ಕೋಷ್ಟಕದ ಹುಣ್ಣಿಮೆಯೇ ಭಾನುವಾರ ಬಿದ್ದರೆ ಹಬ್ಬ ಮುಂದಿನ ಭಾನುವಾರಕ್ಕೆ: 2025ರಲ್ಲಿ ಹುಣ್ಣಿಮೆ ಏಪ್ರಿಲ್ 13ರ ಭಾನುವಾರ, ಹಬ್ಬ 20ಕ್ಕೆ.

ಉಳಿದ ದಿನಗಳೆಲ್ಲ ಈಸ್ಟರಿನ ಬೆನ್ನಿಗೆ ಕಟ್ಟಿಕೊಂಡಿವೆ. 46 ದಿನ ಹಿಂದೆ ಬೂದಿ ಬುಧವಾರ. ಭಾನುವಾರ ಉಪವಾಸವಿಲ್ಲ, ಆರು ಭಾನುವಾರ ಕಳೆದರೆ ಉಳಿಯುವುದು ತಪಸ್ಸುಕಾಲದ 40 ದಿನ. 39 ದಿನ ಮುಂದೆ ಸ್ವರ್ಗಾರೋಹಣ, 49 ದಿನ ಮುಂದೆ ಪೆಂತೆಕೋಸ್ತ್. ಅಧಿಕ ವರ್ಷದಲ್ಲಿ ಫೆಬ್ರವರಿ 29ನ್ನು ಮರೆತು ಎಣಿಸಿದರೆ ಬೂದಿ ಬುಧವಾರ ಮಂಗಳವಾರಕ್ಕೆ ಬಂದು ನಿಲ್ಲುತ್ತದೆ. 2024ರಲ್ಲಿ ಸರಿಯಾದ ದಿನ ಫೆಬ್ರವರಿ 14 ಆಗಿತ್ತು.

ಈ ಏಪ್ರಿಲ್ 14 ಎಂಬ ಆರಂಭ ಬಂದದ್ದು 1582ರ ತಿದ್ದುಪಡಿಯಿಂದ. ಅಲ್ಲಿಯವರೆಗಿದ್ದ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ಸೌರ ವರ್ಷಕ್ಕಿಂತ ಉದ್ದ, ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಆ ಹೊತ್ತಿಗೆ ನಿಜವಾದ ವಿಷುವ ಮಾರ್ಚ್ 11ರ ಸುಮಾರಿಗೆ ಸರಿದಿತ್ತು. ಚಂದ್ರನ ಕೋಷ್ಟಕವೂ ಹಿಂದೆ ಬಿದ್ದಿತ್ತು. ಇಟಲಿಯ ವೈದ್ಯ ಲುಯಿಜಿ ಲಿಲಿಯೋ ಹಾಕಿಕೊಟ್ಟ ಯೋಜನೆಯನ್ನು ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ವಿವರಿಸಿ ಸಮರ್ಥಿಸಿದರು. ಪೋಪ್ 13ನೆಯ ಗ್ರೆಗರಿಯ ಆಜ್ಞೆಯಂತೆ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು.

ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಇಂದಿಗೂ ಹಳೆಯ ಜೂಲಿಯನ್ ಕೋಷ್ಟಕವನ್ನೇ ಅನುಸರಿಸುತ್ತವೆ. ಅವರ ಮಾರ್ಚ್ 21 ಎಂದರೆ ನಮ್ಮ ಏಪ್ರಿಲ್ 3. ಅದಕ್ಕೇ 2024ರಲ್ಲಿ ನಮ್ಮದು ಮಾರ್ಚ್ 31, ಅವರದು ಮೇ 5. 2025ರಲ್ಲಿ ಇಬ್ಬರದೂ ಏಪ್ರಿಲ್ 20. 2026ರಲ್ಲಿ ಅವರದು ಏಪ್ರಿಲ್ 12.

ಕೋಷ್ಟಕ ಬಿಟ್ಟು ನಿಜವಾದ ಚಂದ್ರನನ್ನೇ ನೋಡಬಾರದೇಕೆ ಎಂದು ಕೇಳುವವರಿದ್ದಾರೆ. ಜರ್ಮನಿಯ ಪ್ರೊಟೆಸ್ಟೆಂಟರು 1700ರಿಂದ ಅದನ್ನೇ ಮಾಡಿದರು. ಫಲವಾಗಿ 1724ರಲ್ಲೂ 1744ರಲ್ಲೂ ಒಂದೇ ನಾಡಿನ ಕ್ರೈಸ್ತರು ವಾರದ ಅಂತರದಲ್ಲಿ ಎರಡು ಈಸ್ಟರ್ ಮಾಡಬೇಕಾಯಿತು, 1776ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಪ್ರೊಟೆಸ್ಟೆಂಟರೇ ಆದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬರುವ ಹೊತ್ತಿಗೆ ಆ ಜಗಳ ಮುಗಿದು ಅರ್ಧ ಶತಮಾನ ದಾಟಿತ್ತು. ಅಲ್ಲಿನ ಕಥೋಲಿಕರೂ ಬಾಸೆಲ್ ಸಭೆಯವರೂ ಒಂದೇ ಭಾನುವಾರ ಹಬ್ಬ ಮಾಡುತ್ತಾರೆ. ಚಂದ್ರ ಒಂದು ದಿನ ಆಚೀಚೆ ಆದರೂ ಚಿಂತೆಯಿಲ್ಲ, ನೈಸಿಯಾ ಕೇಳಿದ್ದು ಎಲ್ಲರಿಗೂ ಒಂದೇ ದಿನವನ್ನು.