ಬಿಸಿಲ ಕಾರಿಗೆ ಬಂಗಡೆಯ ಬಾಲ

ಕಾರಿನ ಮೇಲೆ ಸೋಲಾರ್ ಪ್ಯಾನೆಲ್ ಹೊದಿಸಿಬಿಟ್ಟರೆ ಚಾರ್ಜಿಂಗ್ ಗೊಡವೆಯೇ ಇಲ್ಲವಲ್ಲ ಎಂದರು, ಕಾರವಾರದ ಮೀನು ಪೇಟೆಯಲ್ಲಿ ಸಿಕ್ಕ ಗೆಳೆಯರೊಬ್ಬರು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಣ್ಣ ಕಾರಿನ ಚಾವಣಿಯಲ್ಲಿ ಪ್ಯಾನೆಲ್‌ಗೆ ಸಿಗುವುದು ಎರಡು ಚದರ ಮೀಟರ್. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿದರೂ ದಕ್ಕುವುದು ಐದರಲ್ಲೊಂದು ಪಾಲು. ಫೆಬ್ರವರಿಯ ಬಿರುಬಿಸಿಲಿನಲ್ಲೂ ದಿನಕ್ಕೆ ಎರಡು ಯೂನಿಟ್ ಕೂಡಿದರೆ ಪುಣ್ಯ. ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುವ ಈಗಿನ ವಿದ್ಯುತ್ ಕಾರು ಅಷ್ಟರಲ್ಲಿ ಅಂಕೋಲೆಯ ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ. ಆಷಾಢದ ಮಾತಂತೂ ಬೇಡವೇ ಬೇಡ.

ಗಳಿಕೆ ಇಷ್ಟೇ ಎಂದಮೇಲೆ ಖರ್ಚು ಇಳಿಸಬೇಕು. ಮೋಟರ್ ಆಗಲೇ ನೂರಕ್ಕೆ ತೊಂಬತ್ತರಷ್ಟು ಪ್ರಾಮಾಣಿಕ: ಪಡೆದ ಕರೆಂಟನ್ನು ಹೆಚ್ಚುಕಡಿಮೆ ಓಟಕ್ಕೇ ಹಾಕುತ್ತದೆ. ಹೆದ್ದಾರಿಯಲ್ಲಿ ಕರೆಂಟು ತಿನ್ನುವುದು ಗಾಳಿ: ವೇಗ ಇಮ್ಮಡಿಸಿದರೆ ಅದರ ತಡೆ ನಾಲ್ಕು ಪಟ್ಟು, ತಳ್ಳಲು ಬೇಕಾದ ವ್ಯಾಟ್ ಎಂಟು ಪಟ್ಟು.

ಗಾಳಿ ಸೀಳಲು ಮೂತಿ ಚೂಪಾಗಿರಬೇಕೆಂದು ಎಲ್ಲರ ನಂಬಿಕೆ. ಗುಟ್ಟಿರುವುದು ಹಿಂಬದಿಯಲ್ಲಿ. ಗೆಳೆಯರ ಚೀಲದಿಂದಲೇ ಒಂದು ಬಂಗಡೆ ತೆಗೆಸಿದೆ. ಮೊದಲ ಮೂರನೇ ಒಂದು ಭಾಗದಲ್ಲಿ ಮೈ ತುಂಬಿಕೊಳ್ಳುತ್ತದೆ; ಅಲ್ಲಿಂದ ಬಾಲದ ಬುಡದವರೆಗೆ ಅವಸರವಿಲ್ಲದೆ ಸಪುರವಾಗುತ್ತದೆ. ತಲೆ ಸರಿಸಿದ ನೀರು ಮೈಗೆ ಅಂಟಿಕೊಂಡೇ ಹರಿದು ಹಿಂದೆ ಕೂಡಿಕೊಳ್ಳುತ್ತದೆ. ಬೆನ್ನು ಕತ್ತರಿಸಿದಂತಿರುವ ಕಾರಿನ ಹಿಂದೆ ಗಾಳಿ ಹಾಗೆ ಕೂಡಲಾರದೆ ಸುಳಿಯಾಗುತ್ತದೆ. ಅಲ್ಲಿ ಒತ್ತಡ ಕುಸಿದು ಕಾರನ್ನೇ ಹಿಂದಕ್ಕೆ ಜಗ್ಗುತ್ತದೆ. ಮಳೆಗಾಲದಲ್ಲಿ ಲಾರಿಯ ಹಿಂದೆ ಬೈಕ್ ಓಡಿಸಿದವರ ಮುಖಕ್ಕೆ ಎರಚುವ ಕೆಸರುನೀರು ಚಕ್ರ ಚಿಮ್ಮಿಸಿದ್ದು; ಅದನ್ನು ಹರಡುವುದರಲ್ಲಿ ಈ ಸುಳಿಯ ಪಾಲೂ ಇದೆ. ಕಾಳಿ ಅಳಿವೆಯಲ್ಲಿ ನೋಡಿ: ಚೌಕ ಬೆನ್ನಿನ ದೋಣಿ ನೊರೆ ಎಳೆದುಕೊಂಡು ಹೋಗುತ್ತದೆ, ಪಾತಿ ದೋಣಿ ಗೆರೆಯಷ್ಟೇ ಬಿಡುತ್ತದೆ. ಗಾಳಿಯಲ್ಲಿ ಚೆಂಡಿಗೆ ಹೋಲಿಸಿದರೆ, ಅಷ್ಟೇ ದಪ್ಪದ ಬಾಲವುಳ್ಳ ಆಕಾರಕ್ಕೆ ತಡೆ ಹತ್ತರಲ್ಲೊಂದು ಪಾಲು.

1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3000 ಕಿಲೋಮೀಟರ್ ಸೌರ ಕಾರುಗಳ ಪಂದ್ಯವನ್ನು ಜನರಲ್ ಮೋಟರ್ಸ್‌ನ ಸನ್‌ರೇಸರ್ ಗೆದ್ದದ್ದು ಹೀಗೆಯೇ. ಒಂದೆರಡು ಇಸ್ತ್ರಿಪೆಟ್ಟಿಗೆಗೆ ಸಾಲುವಷ್ಟು ವಿದ್ಯುತ್ತಿನಲ್ಲಿ ಗಂಟೆಗೆ ಸರಾಸರಿ 67 ಕಿಲೋಮೀಟರ್!

“ಅದರಲ್ಲಿ ಒಬ್ಬರೇ ಅಲ್ಲವೇ ಕೂರುವುದು?” ಎಂದರು ಗೆಳೆಯರು. ನಿಜ. ಆದರೆ 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ನಿನ ವಿದ್ಯಾರ್ಥಿಗಳು ಕಟ್ಟಿದ ಸ್ಟೆಲ್ಲಾ ಕಾರು ನಾಲ್ಕು ಸೀಟಿಟ್ಟುಕೊಂಡೇ ಅದೇ ಪಂದ್ಯದ ಕುಟುಂಬ ಕಾರುಗಳ ವಿಭಾಗದಲ್ಲಿ ಗೆದ್ದಿತು.

“ನಾವು ಶಿರಸಿಗೆ ಹೋಗಬೇಕಾದವರು.” ಇದಕ್ಕೆ ಬಾಲ ಉತ್ತರವಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ವೇಗವೇ ಇಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ತೂಕ. ಒಂದು ಟನ್ ಕಾರನ್ನು ಕಡಲ ಮಟ್ಟದಿಂದ 600 ಮೀಟರ್ ಎತ್ತಲಿಕ್ಕೇ ಒಂದೂವರೆ ಯೂನಿಟ್ ಮೀರಿ ಬೇಕು; ಎರಡು ಟನ್ನಿಗೆ ಅದರ ಎರಡರಷ್ಟು. ಇಳಿಯುವಾಗ ಮೋಟರೇ ಡೈನಮೋ ಆಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಗೆಳೆಯರು ಬಂಗಡೆಯನ್ನು ಚೀಲಕ್ಕೆ ಹಾಕಿಕೊಂಡರು.